ಆರ್ಟ್ಸ್ ಓದುವವರಿಗೆ ಕೃಷಿ ಯಾಕೆ ಕಲಿಸಬೇಕು?

ಕೃಷಿ ಪದವೀಧರರು ಇರುವಾಗ ಆರ್ಟ್ಸ್ ವಿದ್ಯಾರ್ಥಿಗಳು ಬೇಸಾಯ ಕಲಿತು ರೈತರಿಗೆ ಏನು ಮಾಡಿಯಾರು ಅಂತ ಕೇಳಿದ್ದೀರಿ. ನಾನು ಸಮಾಜಶಾಸ್ತ್ರ ಪಾಠ ಮಾಡುವವನು. ಕೆಲವು ವರ್ಷಗಳಿಂದ ವಿದ್ಯಾರ್ಥಿಗಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.

ಮೊದಲ ವರ್ಷ ಎಡವಿದೆ. ಮಣ್ಣು, ಗೊಬ್ಬರ, ಕೀಟ ಅಂತ ಕೃಷಿ ಪಠ್ಯವನ್ನೇ ತೆಳುಮಾಡಿ ಬಡಿಸಿದೆ. ಅರೆಬರೆ ತಜ್ಞರು ತಯಾರಾದರು. ರೈತರಿಗೆ ಉಪದೇಶ ಬೇರೆ ಶುರು ಮಾಡಿದರು!

ಈಗ ಬೆಳೆಯ ಬಗ್ಗೆ ಹೇಳುವುದು ಕಡಿಮೆ, ತೋರಿಸುವುದು ಜಾಸ್ತಿ. ದ್ವಿದಳ ಕಾಳಿನ ಗಿಡವೊಂದನ್ನು ಬೇರು ಸಮೇತ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿಸುತ್ತೇನೆ. ಒಳಗೆ ನಸುಗೆಂಪಾಗಿದ್ದರೆ, ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಅಂತ ಅರ್ಥ. ಬೆಳ್ಳಗೋ ಹಸಿರಾಗೋ ಇದ್ದರೆ ಆ ಕೆಲಸ ನಡೆಯುತ್ತಿಲ್ಲ. ಇದನ್ನು ಕಣ್ಣಾರೆ ಕಂಡವರಿಗೆ ಇಂಥ ಬೆಳೆಗೆ ಸಾರಜನಕದ ಗೊಬ್ಬರವಾದ ಯೂರಿಯಾ ಯಾಕೆ ಅಷ್ಟು ಬೇಡ ಅಂತ ಬಾಯಿಪಾಠ ಮಾಡಿಸಬೇಕಿಲ್ಲ.

ಉಳಿದದ್ದಕ್ಕೆ ಅವರವರ ಓದೇ ಸಾಕು. ಅರ್ಥಶಾಸ್ತ್ರದ ಒಬ್ಬ ಹುಡುಗಿ ಒಂದು ಕುಟುಂಬದ ಹಂಗಾಮಿನ ಲೆಕ್ಕ ಬರೆದು ತಂದಳು. ಬೀಜ, ಗೊಬ್ಬರ, ಡೀಸೆಲ್, ಆಳಿನ ಕೂಲಿ ಎಲ್ಲಾ ಕಳೆದು ಲಾಭ ತೋರಿಸಿದ್ದಳು. "ಕಳೆ ಕಿತ್ತವರು ಯಾರಮ್ಮಾ?" ಅಂದೆ. "ಮನೆಯವರೇ ಸರ್." ಅದು ಲೆಕ್ಕದಲ್ಲಿ ಇರಲೇ ಇಲ್ಲ. ಮತ್ತೆ ಹೋಗಿ ಮನೆಯ ಹೆಂಗಸರ ಜೊತೆ ಕೂತು, ದುಡಿದ ದಿನಗಳನ್ನು ಎಣಿಸಿ, ಕೂಲಿ ಕಟ್ಟಿದಳು. ಲಾಭ ಮಾಯ.

ಇದೇನು ಹೊಸ ದಾರಿಯಲ್ಲ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹರಡಿತು ಅಂತ ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲೇ ಬರೆದಿದ್ದರು. ಬೀಜದ ಸುದ್ದಿ ತಂದವರಲ್ಲಿ ಮಾರಾಟಗಾರರೇ ಮುಂದು. ಆದರೆ ಬಿತ್ತುವ ಮನಸ್ಸು ಮಾಡಿಸಿದ್ದು ಜಾಸ್ತಿ ನೆರೆಹೊರೆಯವರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಓದಿದ್ದು ರಾಜ್ಯಶಾಸ್ತ್ರ. ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳು ಎಷ್ಟೋ ಕಡೆ ಸರ್ಕಾರಿ ಕಾಲುವೆಗಳಿಗಿಂತ ಚೆನ್ನಾಗಿ ನಡೆಯುತ್ತವೆ ಅಂತ ತೋರಿಸಿಕೊಟ್ಟವರು ಅವರು. ನೀರಿನ ಸರದಿ, ಕಾಲುವೆ ಹೂಳು ತೆಗೆಯುವ ಪಾಳಿ, ತಪ್ಪಿದವರಿಗೆ ದಂಡ: ಇವೆಲ್ಲ ಎಂಜಿನಿಯರಿಂಗ್ ಅಲ್ಲ, ಅಲ್ವಾ?

ನೀವು ಕೋರ್ಸ್ ಶುರು ಮಾಡುವುದಾದರೆ ಒಂದು ದಿನದ ಪ್ರವಾಸ ಬೇಡ, ಅದರಲ್ಲಿ ಬರೀ ಫೋಟೋ ಉಳಿಯುತ್ತದೆ. ಬಿತ್ತನೆಯಿಂದ ಮಾರಾಟದವರೆಗೆ ಒಂದೇ ಹೊಲಕ್ಕೆ ಹೋಗಲಿ. ಕೊನೆಗೆ ಬರೆದದ್ದನ್ನು ಆ ಮನೆಯವರ ಮುಂದೆಯೇ ಓದಲಿ. ನಮ್ಮಲ್ಲಿ ಪರೀಕ್ಷೆ ಅದೇ. ಹೋದ ಸಲ ಒಬ್ಬ ಹುಡುಗ ಓದುತ್ತಿದ್ದಾಗ ಆ ಮನೆಯ ಅಜ್ಜ ಮಧ್ಯದಲ್ಲೇ ತಡೆದರು: "ಸಾಲದ ಬಡ್ಡಿ ಬಿಟ್ಟಿದ್ದೀಯಲ್ಲಪ್ಪಾ."