ಎಲೆಕ್ಟ್ರಿಕ್ ಗಿಟಾರಿನ ತಂತಿಯ ದಪ್ಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದು, 9ರ ಸೆಟ್ ಬಳಸುತ್ತೇನೆ. ದಪ್ಪ ತಂತಿ ಹಾಕದೆ ನಾದಕ್ಕೆ ತೂಕ ಬರುವುದಿಲ್ಲ, ಕನಿಷ್ಠ 11ರ ಸೆಟ್ ಆದರೂ ಬೇಕು ಎಂದು ಜೊತೆಯಲ್ಲಿ ನುಡಿಸುವವರು ಹೇಳುತ್ತಾರೆ. ಇದು ಎಷ್ಟು ನಿಜ? ಬದಲಾಯಿಸಿದರೆ ಬೆಂಡ್ ಮಾಡುವುದು (ಸ್ವರ ಏರಿಸಲು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ದೂಡುವುದು) ಕಷ್ಟವಾಗುವುದೇ?

ಉತ್ತರ: ಅವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅವರು ಹೇಳುವಷ್ಟಿಲ್ಲ. ಗೇಜ್ ಅಂದರೆ ತಂತಿಯ ದಪ್ಪ ಬದಲಾದಾಗ ಮೊದಲು ಬದಲಾಗುವುದು ಬೆರಳಿಗೆ ಸಿಗುವ ಪ್ರತಿರೋಧ. ನಾದದಲ್ಲಿ ಕೇಳಿಸುವ ವ್ಯತ್ಯಾಸದ ದೊಡ್ಡ ಪಾಲು ಆ ಪ್ರತಿರೋಧಕ್ಕೆ ಕೈ ಹೇಗೆ ಸ್ಪಂದಿಸುತ್ತದೆ ಎಂಬುದರಿಂದಲೇ ಬರುತ್ತದೆ.

9, 10, 11 ಎಂಬ ಸಂಖ್ಯೆಗಳು ಅತ್ಯಂತ ತೆಳುವಾದ ಮೊದಲ ತಂತಿಯ ವ್ಯಾಸವನ್ನು ಇಂಚಿನ ಸಾವಿರದಂಶಗಳಲ್ಲಿ ಸೂಚಿಸುತ್ತವೆ. ಉದ್ದವೂ ಶ್ರುತಿಯೂ ಒಂದೇ ಆಗಿದ್ದರೆ, ಮೇಲೆ ಸುತ್ತು ಇಲ್ಲದ ತಂತಿಯ ಬಿಗಿತವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 9ರಿಂದ 10ಕ್ಕೆ ಹೋಗುವುದೆಂದರೆ ಸುಮಾರು ಶೇ. 23ರಷ್ಟು, 11ಕ್ಕೆ ಹೋಗುವುದೆಂದರೆ ಹತ್ತಿರ ಹತ್ತಿರ ಶೇ. 50ರಷ್ಟು ಹೆಚ್ಚು ಬಿಗಿತ. 25.5 ಇಂಚು ಸ್ಕೇಲ್ ಲೆಂತ್ (ತಂತಿಯ ಕಂಪಿಸುವ ಭಾಗದ ಉದ್ದ) ಇರುವ ಗಿಟಾರಿನಲ್ಲಿ 9ರ ಮೊದಲ ತಂತಿ ಸುಮಾರು 6 ಕಿಲೋ ಎಳೆತದಲ್ಲಿದ್ದರೆ, 11ರ ತಂತಿ 9 ಕಿಲೋಗೆ ಸಮೀಪಿಸುತ್ತದೆ.

ಬೆಂಡ್ ಮಾಡುವ ವಿಷಯದಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಸುತ್ತು ಇಲ್ಲದ ಉಕ್ಕಿನ ತಂತಿಗಳಲ್ಲಿ, ಒಂದು ಸ್ವರ ಏರಿಸಲು ಬೆರಳು ಸರಿಯಬೇಕಾದ ದೂರ ತೆಳು ತಂತಿಗೂ ದಪ್ಪ ತಂತಿಗೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಹಿಗ್ಗಿದಾಗ ಸೇರುವ ಬಿಗಿತವೂ ಮೊದಲೇ ಇದ್ದ ಬಿಗಿತವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಹೆಚ್ಚಾಗುವುದು ದೂಡಲು ಬೇಕಾದ ಬಲ ಮಾತ್ರ. ಇದೇ ಕಾರಣಕ್ಕೆ ತೆಳು ತಂತಿಯನ್ನು ಬಿಗಿಯಾಗಿ ಹಿಡಿಯುವವರ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಶ್ರುತಿ ತಪ್ಪುತ್ತವೆ: ಅಷ್ಟೇ ಒತ್ತಡಕ್ಕೆ ತೆಳು ತಂತಿ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ನಡುವೆ ಹೆಚ್ಚು ತಗ್ಗಿ, ಸ್ವರ ಏರಿಬಿಡುತ್ತದೆ. ನಿಮ್ಮ ಹಿಡಿತ ಗಟ್ಟಿಯಾಗಿದ್ದರೆ, ನಾದಕ್ಕಿಂತ ಈ ಒಂದು ಕಾರಣಕ್ಕಾಗಿ ದಪ್ಪ ತಂತಿ ನಿಮಗೆ ಒಪ್ಪೀತು.

ಇನ್ನು ನಾದ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಕಾಂತಕ್ಷೇತ್ರದಲ್ಲಿ ಹೆಚ್ಚು ಉಕ್ಕು ಅಲುಗಾಡಿದಷ್ಟೂ ಸಂಕೇತ ಬಲವಾಗುತ್ತದೆ, ಹಾಗಾಗಿ ದಪ್ಪ ತಂತಿ ತುಸು ಜೋರಾಗಿ ಕೇಳಿಸುವುದು ನಿಜ. ಆದರೆ ಪಿಕಪ್ ಅನ್ನು ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಮೇಲೆತ್ತಿದರೂ ಈ ಲಾಭದ ಬಹುಭಾಗ ದಕ್ಕುತ್ತದೆ. (ತೀರ ಮೇಲೆತ್ತಬಾರದು, ಕಾಂತದ ಸೆಳೆತವೇ ತಂತಿಯ ಕಂಪನಕ್ಕೆ ಅಡ್ಡಿಯಾಗಿ, ಸ್ವರ ನಿಲ್ಲುವ ಅವಧಿ ಕುಗ್ಗುತ್ತದೆ.) ಇನ್ನೊಂದು ವ್ಯತ್ಯಾಸ ಹೆಚ್ಚು ಮುಖ್ಯವಾದುದು. ತೆಳು ತಂತಿಯನ್ನು ಜೋರಾಗಿ ಮೀಟಿದರೆ ಅದು ಅಗಲವಾಗಿ ತೂಗಿ ಫ್ರೆಟ್‌ಗೆ ತಗಲುತ್ತದೆ, ಮೀಟಿದ ಕ್ಷಣದಲ್ಲಿ ಸ್ವರ ಸ್ವಲ್ಪ ಏರಿ ಆಮೇಲೆ ನೆಲೆಗೆ ಬರುತ್ತದೆ. ದಪ್ಪ ತಂತಿ ಅಂಥ ಹೊಡೆತವನ್ನು ತಡೆದುಕೊಂಡು ಸ್ಪಷ್ಟವಾಗಿ ನುಡಿಯುತ್ತದೆ. ನಾದದ ತೂಕ ಎಂದು ಹಲವರು ಕರೆಯುವುದು ಇದನ್ನೇ ಎಂದು ನನ್ನ ಅಭಿಪ್ರಾಯ. ಮೃದುವಾಗಿ ಮೀಟುವವರಿಗೆ ದಪ್ಪ ತಂತಿಯಿಂದ ಈ ಲಾಭ ಸಿಗುವುದಿಲ್ಲ, ಶ್ರಮವಷ್ಟೇ ಸಿಗುತ್ತದೆ.

ದಪ್ಪ ತಂತಿಯ ಪರ ವಾದಿಸುವವರು ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರ 13ರ ಸೆಟ್ ಅನ್ನು ಉದಾಹರಿಸುತ್ತಾರೆ, ಆದರೆ ವಾನ್ ಗಿಟಾರನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಅಷ್ಟು ಇಳಿಸಿದರೆ ಬಿಗಿತ ಸುಮಾರು ಶೇ. 11ರಷ್ಟು ತಗ್ಗಿ, 12ರ ತಂತಿಯ ಆಸುಪಾಸಿಗೆ ಬರುತ್ತದೆ. ಮತ್ತೊಂದು ತುದಿಯಲ್ಲಿ ಝಡ್‌ಝಡ್ ಟಾಪ್ ರಾಕ್ ತಂಡದ ಬಿಲ್ಲಿ ಗಿಬ್ಬನ್ಸ್ 7ರ ತಂತಿಯಲ್ಲಿ ನುಡಿಸಿಯೂ ಅವರ ನಾದ ಬಡಕಲು ಎಂದು ಯಾರೂ ದೂರಿಲ್ಲ.

ನೀವು ಒಮ್ಮೆಗೇ 11ಕ್ಕೆ ಹಾರಬೇಡಿ. ನಿಮ್ಮ ಗಿಟಾರಿನ ಸ್ಕೇಲ್ ಲೆಂತ್ 24.75 ಇಂಚು ಆಗಿದ್ದರೆ ಬಿಗಿತ 25.5 ಇಂಚಿನದಕ್ಕಿಂತ ಶೇ. 6ರಷ್ಟು ಕಡಿಮೆಯಿರುವುದರಿಂದ 10ರ ಸೆಟ್ ಸುಲಭವಾಗಿ ಒಗ್ಗುತ್ತದೆ. ಉದ್ದದ ಗಿಟಾರಾಗಿದ್ದರೆ ಒಂಬತ್ತೂವರೆಯ ಸೆಟ್‌ಗಳೂ ಸಿಗುತ್ತವೆ.

ಪ್ರಶ್ನೆ: ತೇಲುವ ಟ್ರೆಮೊಲೊ (ಸ್ವರ ಏರಿಳಿಸಲು ಸ್ಪ್ರಿಂಗ್‌ಗಳ ಬಲದಲ್ಲಿ ಅಲುಗುವ ಬ್ರಿಡ್ಜ್) ಇರುವ ನನ್ನ ಗಿಟಾರಿಗೆ 9ರ ಬದಲು 10ರ ಸೆಟ್ ಹಾಕಿದ ಮೇಲೆ ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿಗಳನ್ನು ಹೊತ್ತಿರುವ ಭಾಗ) ಮುಂದಕ್ಕೆ ಬಾಗಿ, ತಂತಿಗಳು ಎತ್ತರವಾಗಿ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಕೂಡುತ್ತಿಲ್ಲ. ತಂತಿಯೇ ದೋಷಪೂರಿತವೇ?

ಉತ್ತರ: ತಂತಿಯಲ್ಲಿ ದೋಷವಿಲ್ಲ. ಆರೂ ತಂತಿಗಳು ಸೇರಿ 9ರ ಸೆಟ್ ಸುಮಾರು 38 ಕಿಲೋ ಎಳೆದರೆ 10ರ ಸೆಟ್ ಸುಮಾರು 46 ಕಿಲೋ ಎಳೆಯುತ್ತದೆ, ಹಿಂಬದಿಯ ಸ್ಪ್ರಿಂಗ್‌ಗಳು ಮಾತ್ರ ಹಳೆಯ ಲೆಕ್ಕದಲ್ಲೇ ಇವೆ. ಸ್ಪ್ರಿಂಗ್ ಹಿಡಿದಿರುವ ಸ್ಕ್ರೂಗಳನ್ನು ಸ್ವಲ್ಪ ಬಿಗಿಮಾಡಿ, ಮತ್ತೆ ಶ್ರುತಿ ಮಾಡಿ, ಬ್ರಿಡ್ಜ್ ಮೊದಲಿನ ಸ್ಥಾನಕ್ಕೆ ಬರುವವರೆಗೆ ಹೀಗೆಯೇ ಮುಂದುವರಿಯಿರಿ. ಬಳಿಕ ಕತ್ತಿನ ಬಾಗು ಹೆಚ್ಚಿದೆಯೇ ನೋಡಿ. ಹೆಚ್ಚಿದ್ದರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಅನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸದೆ ಬಿಗಿಗೊಳಿಸಿ. ಇಂಟೊನೇಶನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಕೂಡುವಂತೆ ಹೊಂದಿಸುವುದು) ಕಡೆಯದು: 12ನೆಯ ಫ್ರೆಟ್ ಒತ್ತಿದ ಸ್ವರ ಅಲ್ಲಿಯದೇ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರಿದೇ ಮುಟ್ಟಿ ಮೀಟಿದಾಗ ಬರುವ ಸ್ವರಕ್ಕಿಂತ) ಏರಿದ್ದರೆ, ಬ್ರಿಡ್ಜ್ ಮೇಲೆ ತಂತಿ ಕೂರುವ ತುಣುಕಾದ ಸ್ಯಾಡಲ್ ಅನ್ನು ಹಿಂದಕ್ಕೆ ಸರಿಸಬೇಕು. ಈ ಕ್ರಮ ಹಿಂದುಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಶ್ರುತಿ ಮಾಡುವಾಗ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಸೀಳುಗಳಿರುವ ಪಟ್ಟಿ) ಬಳಿ 'ಟಿಕ್' ಎಂಬ ಸದ್ದು ಬಂದು ಸ್ವರ ಜಿಗಿದರೆ, ಅಲ್ಲಿಯ ಸೀಳು ಹೊಸ ತಂತಿಗೆ ಕಿರಿದಾಗಿದೆ. ಅದನ್ನು ಅಗಲಿಸುವ ಕೆಲಸವನ್ನು ಗಿಟಾರ್ ರಿಪೇರಿ ಬಲ್ಲವರಿಗೆ ಬಿಡಿ.

ಪ್ರಶ್ನೆ: ಪೂರ್ಣ ಸ್ವರ ಇಳಿಸಿ ನುಡಿಸಿದರೆ ನನ್ನ 10ರ ತಂತಿಗಳು ಸಡಿಲವಾಗುತ್ತವೆ. ಯಾವ ಗೇಜ್ ಸೂಕ್ತ?

ಉತ್ತರ: ಪೂರ್ಣ ಸ್ವರ ಇಳಿಸಿದಾಗ ಬಿಗಿತ ಸುಮಾರು ಶೇ. 21ರಷ್ಟು ಕುಗ್ಗುತ್ತದೆ, ಅಂದರೆ 10ರ ತಂತಿ 9ರಂತೆ ವರ್ತಿಸುತ್ತದೆ. ಹಳೆಯ ಬಿಗಿತವೇ ಬೇಕಾದರೆ 11ರ ಸೆಟ್ ಹಾಕಿ. ಆರನೆಯ ತಂತಿಯೊಂದನ್ನೇ ಡಿ ಸ್ವರಕ್ಕೆ ಇಳಿಸುವವರಿಗೆ ಇಡೀ ಸೆಟ್ ಬದಲಾಯಿಸುವ ಅಗತ್ಯವಿಲ್ಲ; 10ರಿಂದ 52ರವರೆಗಿನ ಮಿಶ್ರ ಸೆಟ್‌ನಲ್ಲಿ ಏರು ಸ್ವರದ ತಂತಿಗಳು ಬೆಂಡ್‌ಗೆ ಹಗುರವಾಗಿಯೇ ಉಳಿದು, ತಗ್ಗು ಸ್ವರದವು ಮಾತ್ರ ದಪ್ಪವಾಗಿರುತ್ತವೆ.