ಅಗ್ಗದ ಪರ್ಫ್ಯೂಮ್ ಅಡ್ವೆಂಟ್ ಕ್ಯಾಲೆಂಡರ್: 24 ದಿನ ಹಚ್ಚಿ ನೋಡಿದವಳ ಉತ್ತರ

ಎರಡು ಸಾವಿರದೊಳಗಿನ ಪರ್ಫ್ಯೂಮ್ ಅಡ್ವೆಂಟ್ ಕ್ಯಾಲೆಂಡರ್, ಅಂದರೆ ಡಿಸೆಂಬರಿನಲ್ಲಿ ದಿನಕ್ಕೊಂದು ಪುಟ್ಟ ಸೆಂಟಿನ ಸೀಸೆ ತೆಗೆಯುವ ಪೆಟ್ಟಿಗೆ, ತಗೊಳ್ಳಬಹುದಾ, ಅದೇ ದುಡ್ಡಿಗೆ ಒಂದು ಒಳ್ಳೆ ಬಾಟಲಿ ತಗೊಳ್ಳುವುದು ವಾಸಿಯಾ ಅಂತ ಕೇಳಿದ್ದೀರಿ. ಕರಾವಳಿಯಲ್ಲಿ ಬೆವರು ಜಾಸ್ತಿ, ಯಾವ ಸೆಂಟೂ ಮೈಮೇಲೆ ನಿಲ್ಲುವುದಿಲ್ಲ ಅಂತಲೂ ಬರೆದಿದ್ದೀರಿ. ನಾನೂ ಕಾರವಾರದವಳು. ಹೋದ ಡಿಸೆಂಬರಿನಲ್ಲಿ ಇಂಥದ್ದೇ ಒಂದನ್ನು 1,799 ರೂಪಾಯಿಗೆ ತರಿಸಿ, ಒಂದು ದಿನವೂ ಬಿಡದೆ ಹಚ್ಚಿ ನೋಡಿದ್ದೇನೆ. ತಗೊಳ್ಳಿ. ನಿಮ್ಮ ಮೈಗೆ, ನಮ್ಮ ಹವೆಗೆ ಯಾವುದು ಒಗ್ಗುತ್ತದೆ ಅಂತ ಇಷ್ಟು ಕಡಿಮೆ ಖರ್ಚಿನಲ್ಲಿ ತಿಳಿಯುವ ಬೇರೆ ದಾರಿ ನನಗಂತೂ ಕಂಡಿಲ್ಲ.

ಅಡ್ವೆಂಟ್ ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ನಮ್ಮ ಪಕ್ಕದ ಮನೆಯವರು ಕ್ರಿಶ್ಚಿಯನ್ನರು. ಹಸಿರು ಎಲೆಗಳ ಚಕ್ರದ ಮೇಲೆ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾರೆ, ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಅವರ ಅಡ್ವೆಂಟ್ ಶುರುವಾಗುವುದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ. ಕ್ಯಾಲೆಂಡರ್ ಮಾತ್ರ ಸಾಮಾನ್ಯವಾಗಿ ಡಿಸೆಂಬರ್ 1ರಿಂದ 24ರವರೆಗೆ. ಜರ್ಮನಿಯಲ್ಲಿ ಮಕ್ಕಳು ಹಬ್ಬಕ್ಕೆ ದಿನ ಎಣಿಸಲಿ ಅಂತ ಶುರುವಾದ ಪದ್ಧತಿ ಇದು, ಈಗ ಚಾಕೊಲೇಟು, ಚಹಾ, ಸೆಂಟು ಎಲ್ಲದರಲ್ಲೂ ಬರುತ್ತದೆ.

ನನಗೆ ಬಂದದ್ದು ದಪ್ಪ ರಟ್ಟಿನ ಪೆಟ್ಟಿಗೆ. ನಂಬರ್ ಹಾಕಿದ 24 ಪುಟ್ಟ ಕಿಟಕಿಗಳು, ಒಂದೊಂದರ ಹಿಂದೆ 2 ಎಂ.ಎಲ್. ಸ್ಪ್ರೇ ಸೀಸೆ. ಒಟ್ಟು 48 ಎಂ.ಎಲ್., ಅಂದರೆ ಒಂದು ಮಾಮೂಲಿ 50 ಎಂ.ಎಲ್. ಬಾಟಲಿಯಷ್ಟೇ. ಒಂದು ಸೀಸೆಯಲ್ಲಿ ಇಪ್ಪತ್ತು ಸಲ ಒತ್ತುವಷ್ಟು ಸಿಗುತ್ತದೆ. ದಿನಕ್ಕೆ ನಾಲ್ಕು ಸಲ ಒತ್ತಿದರೂ ಐದು ದಿನ ಬಂತು. ಒಂದು ಸೆಂಟಿನ ಗುಣ ತಿಳಿಯಲು ಅಷ್ಟು ಸಾಕು.

ಬೆಳಿಗ್ಗೆ ಕಿಟಕಿ ಹರಿಯುವ ಕೆಲಸ ಮಗಳದ್ದು. ಸ್ನಾನ ಆದ ಮೇಲೆ ನಾನು ಎಡಗೈ ಮಣಿಕಟ್ಟಿಗೆ ಎರಡು ಸಲ ಒತ್ತಿಕೊಂಡು ಹಾಗೇ ಆರಲು ಬಿಡುತ್ತಿದ್ದೆ. ಎರಡೂ ಕೈ ಉಜ್ಜುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ, ಅದನ್ನು ಬಿಡಿ, ಉಜ್ಜಿದರೆ ಬಿಸಿಗೆ ಮೊದಲಿನ ಪರಿಮಳ ಬೇಗ ಹಾರಿಹೋಗುತ್ತದೆ. ಆಮೇಲೆ ಎಂಟು ಗಂಟೆಗೆ, ಹತ್ತಕ್ಕೆ, ಊಟದ ಹೊತ್ತಿಗೆ, ಸಂಜೆ ಐದಕ್ಕೆ ಮೂಸಿ ನೋಡಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿಡುತ್ತಿದ್ದೆ. ಈ ಬರೆಯುವ ಕೆಲಸ ತಪ್ಪಿಸಬೇಡಿ, ಹತ್ತನೇ ದಿನಕ್ಕೆ ಮೂರನೇ ದಿನದ್ದು ಏನಿತ್ತು ಅಂತ ನೆನಪೇ ಇರುವುದಿಲ್ಲ. ಮೊದಲ ಹತ್ತು ನಿಮಿಷವನ್ನು ನಂಬಬೇಡಿ. ಆಗ ಬರುವುದು ಆಲ್ಕೋಹಾಲ್, ಅದರ ಹಿಂದೆ ಲಿಂಬೆ, ಕಿತ್ತಳೆಯಂಥ ಬೇಗ ಆರುವ ವಾಸನೆ. ಹೂವು ಆಮೇಲೆ ಬರುತ್ತದೆ. ಮರ, ಬೇರು, ಅಂಟು, ಕಸ್ತೂರಿಯಂಥವು ಕೊನೆಗೆ ಉಳಿಯುತ್ತವೆ, ದಿನವಿಡೀ ನಿಮ್ಮ ಜೊತೆ ಇರುವುದು ಅವೇ. ಎಲ್ಲ ಸೀಸೆಗಳನ್ನೂ ಮೊದಲ ದಿನವೇ ತೆಗೆದು ಮೂಸುವ ಆಸೆ ಆಗುತ್ತದೆ, ಖಂಡಿತ ಬೇಡ. ಮೂರು ಮೂಸಿದರೆ ಮೂಗು ದಣಿಯುತ್ತದೆ. ಮಧ್ಯೆ ಕಾಫಿ ಬೀಜ ಮೂಸಬೇಕು ಅಂತಾರೆ, ನನಗೆ ಏನೂ ಹಚ್ಚದ ಸ್ವಂತ ಮೊಣಕೈ ಮೂಸುವುದೇ ಚೆನ್ನಾಗಿ ಕೆಲಸ ಮಾಡಿತು.

ಇನ್ನು ನಿಮ್ಮ ಬೆವರಿನ ವಿಷಯ. ಕಾರವಾರದಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬೆನ್ನು ಒದ್ದೆಯಾಗುತ್ತದೆ. ಬಿಸಿಗೆ ಸೆಂಟು ಬೇಗ ಆರುತ್ತದೆ, ಆರುವಾಗ ಜೋರಾಗಿಯೂ ಹಬ್ಬುತ್ತದೆ. ಅದಕ್ಕೇ ವೆನಿಲ್ಲಾ, ಕ್ಯಾರಮೆಲ್ ಅಂತ ಬರೆದ ಸಿಹಿ ಸೆಂಟುಗಳು ಇಲ್ಲಿ ಉಸಿರು ಕಟ್ಟಿಸಿದವು. ಎರಡನೇ ದಿನ ಅಂಥದ್ದೊಂದು ಹಚ್ಚಿ ಬಸ್ ಹತ್ತಿದ್ದೆ, ಪಕ್ಕದಲ್ಲಿ ಕೂತವರು ಕಿಟಕಿ ಸರಿಸಿದರು. ಲಿಂಬೆ ಜಾತಿಯವು ಕೋಡಿಬಾಗದಿಂದ ಆಫೀಸು ಮುಟ್ಟುವುದರೊಳಗೆ ಖಾಲಿ. ನಿಂತದ್ದು ಗಂಧ, ದೇವದಾರು, ಲಾವಂಚ ಇರುವಂಥವು. ಪೆಟ್ಟಿಗೆಯ ಮೇಲೆ ಓ ಡಿ ಪಾರ್ಫಮ್ ಅಂತ ಇದೆಯಾ ನೋಡಿ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಿಂದ 20ರಷ್ಟು ಪರಿಮಳದ ಎಣ್ಣೆ ಇರುತ್ತದೆ, ಓ ಡಿ ಟಾಯ್ಲೆಟ್‌ನಲ್ಲಿ ಅದಕ್ಕಿಂತ ಕಡಿಮೆ. ಚರ್ಮ ಒಣಗಿದ್ದರೆ ಸೆಂಟು ಹಿಡಿಯುವುದಿಲ್ಲ, ಮೊದಲು ಒಂದು ಹನಿ ವಾಸನೆಯಿಲ್ಲದ ಕ್ರೀಮ್ ಸವರಿ. ಕೊಬ್ಬರಿ ಎಣ್ಣೆಯನ್ನೂ ಹಚ್ಚಿ ನೋಡಿದೆ, ನಿಲ್ಲುವುದೇನೋ ನಿಂತಿತು, ಆದರೆ ಅದರದ್ದೇ ಘಮ ಮೇಲೆ ಬರುತ್ತದೆ.

ಆರನೇ ಕಿಟಕಿಯಲ್ಲಿ 'ಓಷನ್' ಇತ್ತು. ಸಮುದ್ರದ ಪಕ್ಕ ಹುಟ್ಟಿ ಬೆಳೆದ ನನ್ನ ಮಗಳು ಮೂಸಿದವಳೇ "ಅಮ್ಮಾ, ಕಲ್ಲಂಗಡಿ!" ಅಂದಳು. ಅವಳು ಹೇಳಿದ್ದು ಸರಿ. ಸಮುದ್ರದ ಹೆಸರಿನ ಸೆಂಟುಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಯಾಲೋನ್ ಅನ್ನುವ ರಾಸಾಯನಿಕ. 1966ರಲ್ಲಿ ಫೈಜರ್ ಕಂಪನಿಯಲ್ಲಿ ಕಂಡುಹಿಡಿದದ್ದು, ವಾಸನೆ ಕಲ್ಲಂಗಡಿಯದ್ದೇ, ಜೊತೆಗೆ ಸ್ವಲ್ಪ ತಂಪು ಗಾಳಿಯಂಥದ್ದು. ಬೈತಖೋಲ್ ಬಂದರಿನ ಉಪ್ಪು, ಹಗ್ಗ, ಒಣಮೀನಿನ ವಾಸನೆ ಗೊತ್ತಿರುವ ನಮಗೆ ಅದು ಸಮುದ್ರ ಅನಿಸುವುದೇ ಇಲ್ಲ. ಸೆಂಟು ಚೆನ್ನಾಗಿಯೇ ಇತ್ತು, ಸಂಜೆ ವಾಕಿಂಗ್‌ಗೆ ಹಚ್ಚಿ ಖಾಲಿ ಮಾಡಿದೆ.

ಹನ್ನೊಂದನೆಯದು 'ಜಾಸ್ಮಿನ್'. ಆ ದಿನ ಬೇಕೆಂದೇ ಒಂದು ಮೊಳ ಭಟ್ಕಳ ಮಲ್ಲಿಗೆ ತಂದು ಪಕ್ಕದಲ್ಲಿಟ್ಟುಕೊಂಡು ಮೂಸಿದೆ. ಸೀಸೆಯದ್ದು ತೆಳು, ಸೋಪಿನ ಹಾಗೆ. ಸಂಜೆ ಬಿರಿದ ಮಲ್ಲಿಗೆಯಲ್ಲಿ ಒಂದು ಗಾಢ, ಸ್ವಲ್ಪ ಕೊಳೆತಂಥ ಎಳೆ ಇರುತ್ತದೆ ನೋಡಿ, ಅದಕ್ಕೆ ಇಂಡೋಲ್ ಅನ್ನುವ ಅಂಶ ಕಾರಣ. ಈ ಸೀಸೆಯಲ್ಲಿ ಆ ಎಳೆಯೇ ಇರಲಿಲ್ಲ. ಮುಡಿಯುವ ಹೂವು ಸಿಗುವ ಊರಿನಲ್ಲಿ ಅಗ್ಗದ ಮಲ್ಲಿಗೆ ಸೆಂಟಿಗೆ ದುಡ್ಡು ಹಾಕಬೇಡಿ ಅಂತಲೇ ನಾನು ಹೇಳುವುದು.

ನನ್ನ ಕೈಗೆ ಬಂದ ಚಿನ್ನ ಅಂದರೆ 14ನೇ ನಂಬರು. ಅದು ಬಂದ ದಿನ ನಾನು ಶಿರಸಿಯಲ್ಲಿ, ತವರಿನಲ್ಲಿದ್ದೆ. ದೇವಿಮನೆ ಘಟ್ಟ ಹತ್ತಿ ಹೋಗುವಾಗಲೇ ಮೈಗೆ ಚಳಿ ತಾಗಿತ್ತು. ಬೆಳಿಗ್ಗೆ ಹಚ್ಚಿಕೊಂಡೆ, ಏನೂ ಅನಿಸಲಿಲ್ಲ, ಹಸಿ ಮಣ್ಣಿನ ಥರ ಏನೋ ಒಂದು. ನೋಟ್‌ಬುಕ್ಕಿನಲ್ಲಿ 'ಸಪ್ಪೆ' ಅಂತ ಬರೆದೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಒಲೆ ಹತ್ತಿರ ಕೂತು ಆಯಿಗೆ ಕಾಯಿ ತುರಿದು ಕೊಡುತ್ತಿದ್ದೆ. ಆಯಿ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡು "ಇದು ಲಾವಂಚ ಅಲ್ದನೇ?" ಅಂದರು. ಒಲೆಯ ಕಾವಿಗೆ ಅದು ಎದ್ದಿತ್ತು. ಚೀಟಿ ತೆಗೆದು ನೋಡಿದರೆ ಹೌದು, ವೆಟಿವರ್ ಅಂತಲೇ ಇತ್ತು, ಆಯಿ ಸೀರೆ ಪೆಟ್ಟಿಗೆಯಲ್ಲಿ ಇಡುವ ಅದೇ ಬೇರು. ಅದೇ ಸೀಸೆಯನ್ನು ಎರಡು ದಿನ ಬಿಟ್ಟು ಕಾರವಾರದಲ್ಲಿ ಹಚ್ಚಿದೆ. ಹತ್ತು ಗಂಟೆಗೇ ಅರಳಿತು, ಸಂಜೆ ಐದಕ್ಕೂ ಮಣಿಕಟ್ಟಿನಲ್ಲಿತ್ತು. ಶಿರಸಿಯ ಚಳಿಯಲ್ಲಿ ಸಪ್ಪೆ ಅನಿಸಿದ್ದು ಇಲ್ಲಿನ ಸೆಕೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಆದ್ದರಿಂದ ಬೆಂಗಳೂರಿನವರೋ ದಿಲ್ಲಿಯವರೋ ವಿಡಿಯೋದಲ್ಲಿ ಹೇಳಿದ್ದನ್ನು ನೋಡಿ ದೊಡ್ಡ ಬಾಟಲಿ ತಗೊಳ್ಳಬೇಡಿ. ನಿಮ್ಮ ಊರಿನಲ್ಲಿ, ನಿಮ್ಮ ಮೈಮೇಲೆ ಒಂದು ಪೂರ್ತಿ ದಿನ ಇಟ್ಟು ನೋಡಿ.

ತೊಂದರೆಗಳೂ ಇದ್ದವು. 3 ಮತ್ತು 20 ಹೆಚ್ಚುಕಡಿಮೆ ಒಂದೇ. ಏಳೆಂಟು ಸೀಸೆಗಳು ದೊಡ್ಡ ಬ್ರಾಂಡುಗಳ ವಾಸನೆಯನ್ನು ಅನುಕರಿಸಿ ಮಾಡಿದವು, ಮೊದಲ ಅರ್ಧ ಗಂಟೆ ಹತ್ತಿರ ಬರುತ್ತವೆ, ಆಮೇಲೆ ಇಲ್ಲ. ನನಗೆ ನಿಜವಾಗಿ ಬೇಸರ ತಂದದ್ದು 9ನೆಯದು. ಕಿಟಕಿ ತೆಗೆದರೆ ಸೀಸೆ ಸೋರಿ ಅರ್ಧ ಖಾಲಿ, ರಟ್ಟು ಒದ್ದೆಯಾಗಿ ಉಬ್ಬಿತ್ತು. ಆ ಹೊತ್ತಿಗೆ ವಾಪಸ್ ಕೊಡುವ 7 ದಿನ ಕಳೆದೇಹೋಗಿತ್ತು. ಮಾರಿದವರಿಗೆ ಫೋಟೋ ಹಾಕಿ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ದಿನಕ್ಕೊಂದರಂತೆ ತೆಗೆಯುವ ಪೆಟ್ಟಿಗೆಗೆ ಇಂಥ ವಾಪಸಿನ ಅವಧಿ ನ್ಯಾಯವೇ ಅಲ್ಲ. ನೀವು ಪೆಟ್ಟಿಗೆ ಬಂದ ದಿನವೇ ಬಿಚ್ಚುವುದನ್ನು ವಿಡಿಯೋ ಮಾಡಿ, ಹಿಂಭಾಗದ ರಟ್ಟನ್ನು ಬೆರಳಿನಿಂದ ಒತ್ತಿ ಎಲ್ಲಾದರೂ ತೇವ ಇದೆಯಾ ನೋಡಿ, ಸೆಂಟಿನ ವಾಸನೆ ಜೋರಾಗಿದ್ದರೆ ತಕ್ಷಣ ದೂರು ಕೊಡಿ.

ಮನೆಯಲ್ಲಿ ಅಸ್ತಮಾ ಅಥವಾ ಮೈಗ್ರೇನ್ ಇರುವವರಿದ್ದರೆ ಈ ಪೆಟ್ಟಿಗೆ ಬೇಡವೇ ಬೇಡ. ಚರ್ಮ ಸೂಕ್ಷ್ಮವಾಗಿದ್ದರೆ ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ. ರೇಷ್ಮೆ ಸೀರೆ, ಮುತ್ತಿನ ಸರದ ಮೇಲೆ ಸಿಂಪಡಿಸಬೇಡಿ. ಉಳಿದ ಸೀಸೆಗಳನ್ನು ಬಚ್ಚಲಿನಲ್ಲಾಗಲಿ ಕಿಟಕಿಯ ಬಿಸಿಲಿನಲ್ಲಾಗಲಿ ಇಡದೆ ಕಪಾಟಿನ ಕತ್ತಲಲ್ಲಿಡಿ.

ಆಮೇಲೆ ಇನ್ನೊಂದು, ಸೆಂಟಿನಲ್ಲಿ ಬೆಂಕಿ ಹಿಡಿಯುವ ಆಲ್ಕೋಹಾಲ್ ಇರುವುದರಿಂದ ವಿಮಾನದಲ್ಲಿ ಕಳಿಸಲು ಕಟ್ಟುಪಾಡು ಜಾಸ್ತಿ. ಹೆಚ್ಚಾಗಿ ರಸ್ತೆಯಲ್ಲೇ ಬರುತ್ತದೆ, ನಮ್ಮ ಕಡೆ ಮುಟ್ಟಲು ದಿನ ಹಿಡಿಯುತ್ತದೆ. ನನ್ನದು ಹನ್ನೆರಡು ದಿನ ತಗೊಂಡಿತು. ಡಿಸೆಂಬರ್ 1ಕ್ಕೆ ಕೈಯಲ್ಲಿರಬೇಕು ಅಂದರೆ ನವೆಂಬರ್ ಮೊದಲ ವಾರವೇ ಆರ್ಡರ್ ಹಾಕಿಬಿಡಿ.