ಹಿಪ್‌ಹಾಪ್ ಹುಟ್ಟಿದ ಬೀದಿಗಳು ಹೇಗಿದ್ದವು ಅಂತ ನಮಗೆ ಹೇಗೆ ಗೊತ್ತು?

ನಿಮ್ಮ ಪ್ರಶ್ನೆ ಇದು: ಹಿಪ್‌ಹಾಪ್ (ಡಿಜೆ ಸಂಗೀತ, ರ‍್ಯಾಪ್, ಬ್ರೇಕ್ ಡ್ಯಾನ್ಸ್, ಗೋಡೆ-ರೈಲುಗಳ ಮೇಲಿನ ಬಣ್ಣದ ಬರಹ ಎಲ್ಲ ಸೇರಿದ ಬೀದಿ ಸಂಸ್ಕೃತಿ) ಹುಟ್ಟಿದಾಗ ದೊಡ್ಡ ಪತ್ರಿಕೆ, ಟಿವಿ ಯಾವುದೂ ಅದರ ಕಡೆ ತಿರುಗಿ ನೋಡಲಿಲ್ಲ. ಹಾಗಾದರೆ ಆ ಕಾಲದ ಬೀದಿ ಚರಿತ್ರೆ ಉಳಿದಿದ್ದು ಹೇಗೆ, ಯಾರ ಫೋಟೋಗಳಿಂದ ನೋಡಲು ಶುರು ಮಾಡಬೇಕು?

ಫೋಟೋಗಳಿಗಿಂತ ಮೊದಲು ಹ್ಯಾಂಡ್‌ಬಿಲ್‌ಗಳನ್ನು ನೋಡಿ ಅಂತ ನಾನು ಹೇಳುತ್ತೇನೆ.

ಕೆಲಸದ ಮೇಲೆ ಎರಡು ವರ್ಷ ನ್ಯೂಜೆರ್ಸಿಯಲ್ಲಿದ್ದೆ. ಒಂದು ಭಾನುವಾರ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋಗಿ 1520, ಸೆಡ್ಜ್‌ವಿಕ್ ಅವೆನ್ಯೂ ಮುಂದೆ ನಿಂತೆ. ಹೈವೇ ಪಕ್ಕದ ದೊಡ್ಡ ಅಪಾರ್ಟ್‌ಮೆಂಟ್, ಅಷ್ಟೇ. ಆದರೆ ಹಿಪ್‌ಹಾಪ್ ಹುಟ್ಟಿದ್ದು ಇಲ್ಲೇ ಅಂತಾರೆ. 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಲು ಈ ಕಟ್ಟಡದಲ್ಲೇ ಪಾರ್ಟಿ ಇಟ್ಟಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಕರೆಯೋಲೆ ಅಂದರೆ ಕೈಯಲ್ಲಿ ಬರೆದ ಪುಟ್ಟ ಕಾರ್ಡು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50.

ಆಮೇಲೆ ಆ ಕಾರ್ಡಿನ ಜಾಗಕ್ಕೆ ಹ್ಯಾಂಡ್‌ಬಿಲ್ ಬಂತು. ಬಡ್ಡಿ ಎಸ್ಕ್ವೈರ್ ಎಂಬ ಬ್ರಾಂಕ್ಸ್ ಹುಡುಗ ಇದರಲ್ಲಿ ಎತ್ತಿದ ಕೈ. ಅಕ್ಷರ ಬರೆಯುವುದನ್ನು ತಾನೇ ಕಲಿತ. ಹಾಡುವವರ ಫೋಟೋ ಕತ್ತರಿಸಿ ಅಂಟಿಸುತ್ತಿದ್ದ, ಸುತ್ತ ಹಳೇ ಸಿನಿಮಾ ಥಿಯೇಟರ್ ಮುಂಭಾಗದಂಥ ಗೆರೆ, ನಕ್ಷತ್ರ ಬಿಡಿಸುತ್ತಿದ್ದ, ಆಮೇಲೆ ಜೆರಾಕ್ಸ್. ನಮ್ಮೂರಲ್ಲಿ ಕಂಪನಿ ನಾಟಕದ ಹ್ಯಾಂಡ್‌ಬಿಲ್ ಇತ್ತಲ್ಲ, ಅದೇ ಗತಿ: ಓದು, ಮಡಚು, ಬಿಸಾಕು. ಆದರೆ ಒಂದನ್ನು ಹತ್ತಿರದಿಂದ ಓದಿ ನೋಡಿ. ತಾರೀಕು ಇದೆ, ಹಾಲ್‌ನ ಹೆಸರಿದೆ, ಯಾರ ಹೆಸರು ದಪ್ಪ ಅಕ್ಷರದಲ್ಲಿದೆ, ಯಾರದು ಸಣ್ಣದು, ಒಳಗೆ ಹೋಗಲು ಎಷ್ಟು, ಕೆಳಗೆ ಯಾವ ರೈಲು ಹಿಡಿದು ಎಲ್ಲಿ ಇಳಿಯಬೇಕು. ಯಾವ ಪತ್ರಿಕೆಯೂ ಇಷ್ಟು ಬರೆದಿಡಲಿಲ್ಲ. ಇವತ್ತು ಇವುಗಳಲ್ಲಿ ಎಷ್ಟೋ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಇನ್ನು ಫೋಟೋಗಳು. ನನಗೆ ತುಂಬಾ ಇಷ್ಟವಾದವರು ಮಾರ್ಥಾ ಕೂಪರ್. 1977ರಿಂದ 1980ರವರೆಗೆ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ಫೋಟೋಗ್ರಾಫರ್. ಕೆಲಸ ಮುಗಿಸಿ ಮನೆಗೆ ಹೋಗುವಾಗ ರೋಲ್‌ನಲ್ಲಿ ಉಳಿದ ಫಿಲ್ಮ್‌ನಲ್ಲಿ ಬೀದಿಯಲ್ಲಿ ಆಡುವ ಮಕ್ಕಳ ಫೋಟೋ ತೆಗೆಯುತ್ತಿದ್ದರು. ಒಬ್ಬ ಹುಡುಗ ತನ್ನ ನೋಟ್‌ಬುಕ್ ತೆರೆದು, ಗೋಡೆ ಮೇಲೆ ಬರೆಯಲು ತನ್ನ ಹೆಸರನ್ನು ಹೇಗೆ ಬಿಡಿಸಿಕೊಂಡಿದ್ದಾನೆ ಅಂತ ತೋರಿಸಿದ. ಆ ಅಕ್ಷರಗಳ ಹಿಂದೆ ಅಷ್ಟು ಯೋಚನೆ ಇದೆ ಅಂತ ಅವರಿಗೆ ಅವತ್ತೇ ಗೊತ್ತಾಗಿದ್ದು. ಅವನೇ ಅವರನ್ನು ಬ್ರೂಕ್ಲಿನ್‌ನ ಡಾಂಡಿ ಹತ್ತಿರ ಕರೆದುಕೊಂಡು ಹೋದ. ಡಾಂಡಿ ಅಂದರೆ ರೈಲು ಬೋಗಿಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಹೆಸರು ಬರೆಯುವವರಲ್ಲಿ ರಾಜ. ಡಾಂಡಿಯ ನೋಟ್‌ಬುಕ್‌ನಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ ಅಂಟಿಸಿತ್ತು. ಫೋಟೋದ ಹಿನ್ನೆಲೆಯಲ್ಲಿ ಅವನ ಬರಹ ಕಾಣುತ್ತಿತ್ತು. ತೆಗೆದದ್ದು ಮಾರ್ಥಾ ಕೂಪರ್! ಇವರು ಅವನನ್ನು ಹುಡುಕಿ ಹೋಗುವ ಮುಂಚೆಯೇ ಅವನು ಇವರ ಕೆಲಸವನ್ನು ಜೋಪಾನ ಮಾಡಿಟ್ಟಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಆ ಹುಡುಗರಿಗೆ ಫೋಟೋ ಯಾಕೆ ಅಷ್ಟು ಮುಖ್ಯ? ರಾತ್ರಿಯೆಲ್ಲ ಕೂತು ಬರೆದ ಬೋಗಿಯನ್ನು ರೈಲ್ವೆಯವರು ತೊಳೆದುಬಿಡುತ್ತಿದ್ದರು, ಇಲ್ಲವೇ ಇನ್ನೊಬ್ಬ ಬಂದು ಮೇಲೆಯೇ ಬರೆಯುತ್ತಿದ್ದ. ಉಳಿಯುತ್ತಿದ್ದದ್ದು ಫೋಟೋ ಮಾತ್ರ. ಶಿಲ್ಪಿ ಹೆನ್ರಿ ಚಾಲ್ಫಂಟ್ ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಎದುರಿನ ಪ್ಲಾಟ್‌ಫಾರ್ಮ್‌ನಲ್ಲಿ ಕಾಯುವುದು. ರೈಲು ನಿಂತ ಆ ಕೆಲವೇ ಕ್ಷಣಗಳಲ್ಲಿ ಪಕ್ಕಕ್ಕೆ ಸರಿಯುತ್ತಾ ಪಟಪಟ ನಾಲ್ಕೈದು ಫೋಟೋ ತೆಗೆಯುವುದು. ಆಮೇಲೆ ಒಂದರ ಪಕ್ಕ ಒಂದು ಜೋಡಿಸಿದರೆ ಇಡೀ ಬೋಗಿ ಕಣ್ಮುಂದೆ. ಹುಡುಗರು ತಮ್ಮ ಕೆಲಸ ನೋಡಲು ಅವರ ಸ್ಟುಡಿಯೋಗೇ ಬರುತ್ತಿದ್ದರು. ಮಾರ್ಥಾ, ಹೆನ್ರಿ ಇಬ್ಬರೂ ಸೇರಿ ಮಾಡಿದ ಪುಸ್ತಕ ‘ಸಬ್‌ವೇ ಆರ್ಟ್’ 1984ರಲ್ಲಿ ಬಂತು. ಐದೇ ವರ್ಷಕ್ಕೆ, 1989ರ ಮೇ ತಿಂಗಳಲ್ಲಿ, ಬರಹವಿದ್ದ ಕೊನೆಯ ರೈಲನ್ನೂ ಓಡಾಟದಿಂದ ತೆಗೆದರು.

ಬ್ರೇಕ್ ಡ್ಯಾನ್ಸ್ ವಿಷಯದಲ್ಲೂ ಹೀಗೆಯೇ. 1980ರ ಜನವರಿಯಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಹುಡುಗರು ಹೊಡೆದಾಡುತ್ತಿದ್ದಾರೆ ಅಂತ ಪೊಲೀಸರು ಹಿಡಿದಿದ್ದರು. ಸುದ್ದಿ ತಿಳಿದು ಮಾರ್ಥಾ ಸ್ಟೇಷನ್‌ಗೆ ಹೋದರೆ ಹುಡುಗರು, "ನಾವು ಡ್ಯಾನ್ಸ್ ಮಾಡ್ತಾ ಇದ್ವಿ" ಅಂತ ಅಲ್ಲೇ ಮಾಡಿ ತೋರಿಸಿದರು. ಹೊಡೆದಾಟ ಅಲ್ಲ ಅಂದ ಮೇಲೆ ಪತ್ರಿಕೆಗೆ ಆ ಫೋಟೋ ಬೇಡವಾಯಿತು.

ಮಾರ್ಥಾ, ಹೆನ್ರಿ ಇಬ್ಬರೂ ಹೊರಗಿನಿಂದ ಬಂದವರು. ಜೋ ಕಾನ್ಜೋ ಎಂಬ ಫೋಟೋಗ್ರಾಫರ್ ಮಾತ್ರ ಒಳಗಿನವನು. ಕೋಲ್ಡ್ ಕ್ರಶ್ ಬ್ರದರ್ಸ್ ಎಂಬ ರ‍್ಯಾಪ್ ತಂಡದವರ ಜೊತೆ ಸೌತ್ ಬ್ರಾಂಕ್ಸ್‌ನ ಶಾಲೆಯಲ್ಲಿ ಓದಿದವನು. ತನ್ನ ಗೆಳೆಯರ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡೇ ತೆಗೆದ ಚಿತ್ರಗಳವು. ಬ್ರೂಕ್ಲಿನ್‌ನ ಜಮೆಲ್ ಶಾಬಾಜ್ ಅವರದೂ ಹತ್ತಿರದ ನೋಟವೇ. ಅವರು ಮೊದಲು ಮಾತಾಡಿಸಿ, ಕೇಳಿ, ಆಮೇಲೆ ಕ್ಯಾಮೆರಾ ಎತ್ತುತ್ತಿದ್ದರು. ಅದಕ್ಕೇ ಆ ಮುಖಗಳಲ್ಲಿ ಅಷ್ಟೊಂದು ಠೀವಿ.

ಯಾರಿಂದ ಶುರು ಮಾಡಬೇಕು ಅಂದರೆ, ಕಾನ್ಜೋ. ಆದರೆ ಮೈಕ್ ಹಿಡಿದವನನ್ನು ಸ್ವಲ್ಪ ಬಿಟ್ಟು, ಅವನ ಸುತ್ತ ನಿಂತವರನ್ನು ನೋಡಿ. ಅವರ ಜಾಕೆಟ್, ಶೂ, ಕೂದಲು, ಯಾರು ಯಾರ ಹೆಗಲ ಮೇಲೆ ಕೈ ಹಾಕಿದ್ದಾರೆ ಅನ್ನೋದು. ಅದೇ ವರ್ಷದ ಒಂದು ಹ್ಯಾಂಡ್‌ಬಿಲ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಆಗ ಬಾಗಿಲಲ್ಲಿ ಎಷ್ಟು ಕೊಟ್ಟು ಒಳಗೆ ಬರುತ್ತಿದ್ದರು ಅನ್ನೋದೂ ಸಿಗುತ್ತದೆ.